ಗುಜರಿಯಲ್ಲಿ ಸಿಗುವ ಹುಂಜ

(ದಾವಣಗೆರೆಯಲ್ಲಿ ಚಿತ್ರಕಲೆ ಓದುವ ಮಕ್ಕಳು ಮಾತಾಡಲು ಕರೆದಿದ್ದರು. ಆಮೇಲೆ ಅದನ್ನೇ ಬರೆದುಕೊಡಿ ಅಂದರು. ಮಾತು ಎಲ್ಲೆಲ್ಲೋ ಹೋದ ಕಡೆ ಸ್ವಲ್ಪ ಕತ್ತರಿಸಿದ್ದೇನೆ, ಉಳಿದದ್ದು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ನಾನು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಳೇ ಕಬ್ಬಿಣ ಜೋಡಿಸಿ ಹುಂಜ, ಬೆಳ್ಳಕ್ಕಿ, ಹೋರಿ ಮಾಡುವವನು. ರಜಾ ದಿನದ ಕೆಲಸ. ಹಾಗಾಗಿ ಕಲೆಯ ಬಗ್ಗೆ ದೊಡ್ಡ ಮಾತು ನನ್ನಿಂದ ಬರಲ್ಲ. ಕೈಗೆ ಮಸಿ ಹತ್ತುವ ವಿಷಯ ಮಾತ್ರ ಹೇಳುತ್ತೇನೆ.

ಆದರೂ ಒಂದು ಅಭಿಪ್ರಾಯ ಇಟ್ಟುಕೊಂಡೇ ಬಂದಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಗುಜರಿ ಸಾಮಾನಿನಿಂದ ಹುಂಜ ಮಾಡಿದರೆ ನೋಡಿದವರಿಗೆ ಮೊದಲು ಹುಂಜ ಕಾಣಬೇಕು. ಹತ್ತಿರ ಬಂದ ಮೇಲೆ "ಅರೆ, ಇದು ಬೈಕಿನ ಸ್ಪ್ರಾಕೆಟ್ಟು!" ಅನ್ನಬೇಕು. (ಚೈನು ಕೂರುವ ಹಲ್ಲಿನ ಚಕ್ರ ಅದು.) ದೂರದಿಂದಲೇ ಸ್ಪ್ರಾಕೆಟ್ಟು ಕಂಡುಬಿಟ್ಟರೆ ಅದು ಚಮತ್ಕಾರ ಅಷ್ಟೇ, ಒಂದು ಸಲ ನಕ್ಕು ಮುಂದೆ ಹೋಗುತ್ತಾರೆ. ಹತ್ತಿರ ಬಂದರೂ ಕಾಣದೇ ಹೋದರೆ? ಹಾಗಿದ್ದರೆ ಅಂಗಡಿಯಿಂದ ಹೊಸ ತಗಡೇ ತರಬಹುದಿತ್ತು, ಗುಜರಿಗೆ ಹೋಗೋದು ಯಾಕೆ ಅಲ್ವಾ?

ಈಗ ಗುಜರಿಗೆ ಹೋಗೋಣ. ಹೋಗುವಾಗ ಚಿತ್ರ ಬರೆದುಕೊಂಡು ಹೋಗಬೇಡಿ. ಕಲೆ ಓದುವವರಿಗೆ ಇದು ಕಷ್ಟ, ನೀವು ಮೊದಲು ಸ್ಕೆಚ್ಚು ಮಾಡಿ ಆಮೇಲೆ ವಸ್ತು ಹುಡುಕುವವರು. ಇಲ್ಲಿ ಉಲ್ಟಾ. ಸ್ಕೆಚ್ಚು ಹಿಡಿದು ಹೋದರೆ ಕಣ್ಣು ಅದರಲ್ಲಿರುವ ಆಕಾರವನ್ನೇ ಹುಡುಕುತ್ತೆ, ರಾಶಿಯಲ್ಲಿ ಬಿದ್ದಿರುವುದು ಕಾಣಿಸಲ್ಲ. ಸುಮ್ನೆ ಹೋಗಿ, ರಾಶಿಯ ಸುತ್ತ ಎರಡು ಸುತ್ತು ಹೊಡೆಯಿರಿ. ಸವೆದದ್ದನ್ನು ನೋಡಿ. ಹೊಸ ಸಾಮಾನಿಗಿಂತ ಸವೆದ ಸಾಮಾನಿಗೆ ಜೀವ ಜಾಸ್ತಿ. ಹಾರೆ, ಸಲಿಕೆ, ಕುಡುಗೋಲು, ನೇಗಿಲ ಗುಳ, ಎಡೆಕುಂಟೆಯ ಅಲಗು, ಇವೆಲ್ಲ ಮಣ್ಣಿಗೆ ತಿಕ್ಕಿ ತಿಕ್ಕಿ ಒಂದೊಂದು ಆಕಾರಕ್ಕೆ ಬಂದಿರುತ್ತವೆ. ಅದನ್ನು ಗ್ರೈಂಡರ್ ಹಿಡಿದು ಮಾಡೋಕೆ ಹೋದರೆ ಆಗಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ನಮ್ಮ ಸುತ್ತಲಿನ ಹಳ್ಳಿಗಳಿಂದ ಎತ್ತಿನ ಬೇಸಾಯದ ಸಾಮಾನು ಗುಜರಿಗೆ ಬರುತ್ತಲೇ ಇದೆ. ಊರು ಹತ್ತಿ ಗಿರಣಿಗಳದ್ದು, ಗಿರಣಿ ಮುಚ್ಚಿದ ಮೇಲೆ ಅದರ ಹಲ್ಲಿನ ಚಕ್ರಗಳೂ ಬಂದವು. ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಾದರೆ ಕಾರಿನ ಭಾಗಗಳೇ ಜಾಸ್ತಿ. ಆದ್ದರಿಂದ ಬೆಂಗಳೂರಿನವರ ಶಿಲ್ಪ ನೋಡಿದರೆ ಗೇರು, ಪಿಸ್ಟನ್ನು, ವಾಲ್ವು ಕಾಣುತ್ತೆ, ನಮ್ಮ ಕಡೆಯದರಲ್ಲಿ ಕುಡುಗೋಲು.

ಗುಜರಿಯವರ ಜೊತೆ ಚೌಕಾಸಿ ಮಾಡಬೇಡಿ ಅನ್ನೋದು ನನ್ನ ಸಲಹೆ. ಅವರು ತೂಕಕ್ಕೆ ತಗೊಂಡು ತೂಕಕ್ಕೆ ಮಾರುವವರು. ನೀವು ರಾಶಿ ಕೆದಕಿ ಒಳ್ಳೊಳ್ಳೇದನ್ನೇ ಆರಿಸಿ, ಒಂದು ಗಂಟೆ ಜಾಗ ಹಿಡಿದು, ಕೊನೆಗೆ ಐದು ಕೆಜಿ ತಗೊಂಡು, ಅದರಲ್ಲೂ ಕೆಜಿಗೆ ಐದು ರೂಪಾಯಿ ಕಮ್ಮಿ ಮಾಡಿ ಅಂದರೆ ಯಾರಿಗಾದರೂ ಬೇಜಾರಾಗುತ್ತೆ. ನಾನು ಹೋಗುವ ಅಂಗಡಿಯ ಭಾಯ್‌ಗೆ ಈಗ ನನ್ನ ಕಣ್ಣು ಗೊತ್ತು. "ಸಾರ್, ನಿಮ್ಮ ಕೋಳಿಗೆ ಕಾಲು ಬಂದಿದೆ" ಅಂತ ಫೋನ್ ಮಾಡುತ್ತಾರೆ. ಹೋಗಿ ನೋಡಿದರೆ ಎರಡಕ್ಕೆ ಒಂದು ಸಲವಾದರೂ ನಿಜವಾಗಿ ಕಾಲೇ ಆಗಿರುತ್ತೆ.

ಏನು ತರಬಾರದು ಅನ್ನೋದೂ ಹೇಳಬೇಕು. ರೈಲು ಹಳಿಯನ್ನು ಸ್ಲೀಪರಿಗೆ ಕಚ್ಚಿ ಹಿಡಿಯುವ ಬಾಗಿದ ಕ್ಲಿಪ್ಪು ನೋಡಿದ್ದೀರಲ್ಲ, ಎಂಥ ಚೆಂದದ ತಿರುವು ಅದು. ಹಕ್ಕಿಯ ಕುತ್ತಿಗೆಗೆ ಹೇಳಿ ಮಾಡಿಸಿದ ಹಾಗಿದೆ. ಮುಟ್ಟಬೇಡಿ. ರೈಲ್ವೆ ಆಸ್ತಿಯನ್ನು ಕಾನೂನುಬಾಹಿರವಾಗಿ ಇಟ್ಟುಕೊಳ್ಳುವುದಕ್ಕೇ 1966ರ ಒಂದು ಕಾಯ್ದೆ ಇದೆ, ಕಲೆಗಾಗಿ ಇಟ್ಟುಕೊಂಡೆ ಅಂದರೆ ನಡೆಯಲ್ಲ. ಮ್ಯಾನ್‌ಹೋಲ್ ಮುಚ್ಚಳ, ವಿದ್ಯುತ್ ಟವರಿನ ಆ್ಯಂಗಲ್ಲು ಇವೂ ಅಷ್ಟೇ, ಗುಜರಿಯಲ್ಲಿ ಕಂಡರೂ ಬೇಡ. ಬಾಯಿ ಮುಚ್ಚಿದ ಪೈಪು, ಶಾಕ್ ಅಬ್ಸಾರ್ಬರ್, ಪೆಟ್ರೋಲ್ ಟ್ಯಾಂಕು ಕೂಡ ಬೇಡ. ಬಿಸಿ ತಗುಲಿದರೆ ಒಳಗಿನ ಗಾಳಿ, ಎಣ್ಣೆ, ಆವಿಗೆ ಹೊರಬರಲು ದಾರಿ ಇರಲ್ಲ, ಸಿಡಿಯುತ್ತೆ. ಬೈಕಿನ ಟ್ಯಾಂಕು ನೋಡೋಕೆ ಥೇಟ್ ಹಕ್ಕಿಯ ಎದೆ, ಅದಕ್ಕೇ ಎಲ್ಲರಿಗೂ ಆಸೆ. ಖಾಲಿಯಾಗಿ ವರ್ಷ ಕಳೆದ ಟ್ಯಾಂಕಿನಲ್ಲೂ ಪೆಟ್ರೋಲ್ ಆವಿ ಉಳಿದಿರಬಹುದು.

ಸರಿ, ಮನೆಗೆ ತಂದಿರಿ. ಈಗ ಯಾವುದು ಯಾವ ಲೋಹ ಅಂತ ತಿಳಿಯಬೇಕು. ವಿದ್ಯಾರ್ಥಿಗಳು ಹೆಚ್ಚು ಒದ್ದಾಡೋದು ಇಲ್ಲೇ. "ಬೆಸುಗೆ ಹಾಕಿದೆ ಸಾರ್, ಬೆಳಿಗ್ಗೆ ನೋಡಿದರೆ ಬಿಟ್ಟುಹೋಗಿತ್ತು" ಅನ್ನುತ್ತಾರೆ. ವಿಚಾರಿಸಿದರೆ ಅದು ಬೀಡು, ಅಂದರೆ ಎರಕ ಹೊಯ್ದ ಕಬ್ಬಿಣ. ಬೀಡಿನಲ್ಲಿ ಇಂಗಾಲ ಶೇ. 2ಕ್ಕಿಂತ ಜಾಸ್ತಿ ಇರುತ್ತೆ. ಬೆಸುಗೆಯ ಪಕ್ಕದ ಜಾಗ ಬೇಗ ತಣ್ಣಗಾಗಿ ಗಾಜಿನ ಥರ ಪೆಡಸಾಗುತ್ತೆ, ಬೆಸುಗೆ ಕುಗ್ಗುವಾಗ ಎಳೆತ ತಡೆಯಲಾರದೆ ಬಿರುಕು ಬಿಡುತ್ತೆ. ಗಿರಣಿಯ ಹಳೇ ಚಕ್ರಗಳು ಬಹುಪಾಲು ಬೀಡೇ. ನಿಕ್ಕಲ್ ರಾಡು (ರಾಡು ಅಂದರೆ ಬೆಸುಗೆಯಲ್ಲಿ ಕರಗಿ ಕೂಡಿಸುವ ಕಡ್ಡಿ) ಹಾಕಿ, ಮೊದಲೇ ಬಿಸಿ ಮಾಡಿ, ನಿಧಾನಕ್ಕೆ ಆರಿಸಿದರೆ ಕೂಡುತ್ತೆ. ಆದರೆ ನಿಕ್ಕಲ್ ರಾಡಿನ ಬೆಲೆ ಕೇಳಿದರೆ ತಲೆ ತಿರುಗುತ್ತೆ. ನಾನಂತೂ ಬೀಡಿಗೆ ತೂತು ಕೊರೆದು ಬೋಲ್ಟ್ ಹಾಕುತ್ತೇನೆ. ಬೋಲ್ಟಿನ ತಲೆಯೂ ಶಿಲ್ಪದಲ್ಲಿ ಚೆನ್ನಾಗಿಯೇ ಕಾಣುತ್ತೆ.

ಗುರುತಿಸೋದು ಹೇಗೆ? ಗ್ರೈಂಡರ್ ಕಲ್ಲಿಗೆ ಒಂದು ಮೂಲೆ ತಾಗಿಸಿ, ಕಿಡಿ ನೋಡಿ. ಸಾದಾ ಕಬ್ಬಿಣದ ಕಿಡಿ ಹಳದಿ, ಉದ್ದ ಉದ್ದ ಗೆರೆ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು. ಲಾರಿಯ ಕಮಾನು ಪಟ್ಟಿ, ಕುಡುಗೋಲಿನಂಥ ಗಟ್ಟಿ ಉಕ್ಕು ಹಿಡಿದರೆ ಗೆರೆ ಗಿಡ್ಡವಾಗಿ, ಕವಲು ಕವಲಾಗಿ ಸುರುಸುರುಬತ್ತಿಯ ಹಾಗೆ ಚಿಮ್ಮುತ್ತೆ. ಬೀಡಿನದು ಕಲ್ಲಿನ ಹತ್ತಿರವೇ ಮಂಕಾದ ಕೆಂಪು, ದೂರ ಹೋಗೋದೇ ಇಲ್ಲ. ಸ್ಟೇನ್‌ಲೆಸ್ ಸ್ಟೀಲು ಕಿತ್ತಳೆ ಬಣ್ಣದ ಗಿಡ್ಡ ಗೆರೆ, ಕವಲು ಕಮ್ಮಿ. ಅಡುಗೆಮನೆಯ ಸ್ಟೀಲಿಗೆ ಸಾಮಾನ್ಯವಾಗಿ ಅಯಸ್ಕಾಂತವೂ ಸರಿಯಾಗಿ ಹಿಡಿಯಲ್ಲ. ಸಂಜೆ ಹೊತ್ತು, ಬೆಳಕು ಕಮ್ಮಿ ಇರುವಾಗ, ಗೊತ್ತಿರುವ ಒಂದು ತುಂಡು ಪಕ್ಕದಲ್ಲಿ ಇಟ್ಟುಕೊಂಡು ಹೋಲಿಸಿ ನೋಡಿ. ಸ್ವಲ್ಪ ದಿನಕ್ಕೆ ಕಣ್ಣು ಕಲಿಯುತ್ತೆ.

ಮನೆಯಲ್ಲಿ ವೆಲ್ಡಿಂಗ್ ಮಾಡೋಕೆ ಕರೆಂಟ್ ಸಾಲುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಸಾಲುತ್ತೆ. ಎಣ್ಣೆ ಡಬ್ಬದಂಥ ಹಳೇ ಟ್ರಾನ್ಸ್‌ಫಾರ್ಮರ್ ಮಿಷನ್ನು ಬೇಡ, ಹೆಗಲಿಗೆ ನೇತು ಹಾಕಿಕೊಳ್ಳುವಷ್ಟು ಸಣ್ಣ ಇನ್ವರ್ಟರ್ ಮಿಷನ್ನು ಬಂದಿವೆ. 2.5 ಮಿ.ಮೀ. ರಾಡಿಗೆ 60ರಿಂದ 90 ಆಂಪಿಯರ್ ಸಾಕು. ಆ ಹೊತ್ತಿಗೆ ಮನೆಯ ಲೈನಿನಿಂದ ಎಳೆಯುವುದು 15 ಆಂಪಿಯರ್ ಒಳಗೇ ಇರುತ್ತೆ. ಗೀಸರಿಗೆ ಹಾಕುವ ದಪ್ಪ ಪಿನ್ನಿನ ಸಾಕೆಟ್ಟು, ದಪ್ಪ ವೈರು, ಸರಿಯಾದ ಅರ್ಥಿಂಗ್. ಮೊಬೈಲ್ ಚಾರ್ಜರಿಗೆ ಇಟ್ಟ ಎಕ್ಸ್‌ಟೆನ್ಷನ್ ಬಾಕ್ಸಿಗೆ ಮಾತ್ರ ಸಿಕ್ಕಿಸಬೇಡಿ. ರಾಡು 6013 ಅಂತ ಕೇಳಿ, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದು ಇಟ್ಟರೆ ಥಂಡಿ ಹಿಡಿದು ಬೆಸುಗೆಯಲ್ಲಿ ಗುಳ್ಳೆ ಬರುತ್ತೆ, ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ.

ನಾಲ್ಕಿಂಚಿನ ಗ್ರೈಂಡರಿಗೆ ನಾನು ವೆಲ್ಡಿಂಗಿಗಿಂತ ಜಾಸ್ತಿ ಹೆದರುತ್ತೇನೆ. ನಿಮಿಷಕ್ಕೆ ಸುಮಾರು 11,000 ಸುತ್ತು. ಲೆಕ್ಕ ಹಾಕಿದರೆ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತೆ. ಗಾರ್ಡು ಅಡ್ಡ ಬರುತ್ತೆ ಅಂತ ಬಿಚ್ಚಿ ಇಟ್ಟಿರೋದನ್ನು ಎಷ್ಟು ಕಡೆ ನೋಡಿದ್ದೇನೋ. ಡಿಸ್ಕು ಒಡೆದರೆ ಆ ಗಾರ್ಡು ಒಂದೇ ಅಡ್ಡ ನಿಲ್ಲೋದು. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಅದಕ್ಕೆ ಹಾಕಲೇಬಾರದು. ಕನ್ನಡಕ, ಚರ್ಮದ ಗ್ಲೌಸು, ಕಾಟನ್ ಬಟ್ಟೆ, ಮುಚ್ಚಿದ ಶೂ. ನೈಲಾನ್ ಟೀ ಶರ್ಟಿಗೆ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತೆ.

ವೆಲ್ಡಿಂಗ್ ಬೆಳಕನ್ನು ಬರಿಗಣ್ಣಲ್ಲಿ ನೋಡಿದರೆ ಆಗ ಏನೂ ಅನ್ನಿಸಲ್ಲ. ರಾತ್ರಿ ಮಲಗಿದ ಮೇಲೆ ಕಣ್ಣಿಗೆ ಮರಳು ಸುರಿದಂತೆ ಉರಿ ಶುರುವಾಗುತ್ತೆ. 10 ಅಥವಾ 11ನೇ ನಂಬರಿನ ಗಾಜು ಇರುವ ಶೀಲ್ಡ್ ಹಾಕಿ, ಆಚೆ ಮಕ್ಕಳು ನೋಡದ ಹಾಗೆ ಅಡ್ಡ ಪರದೆ ಕಟ್ಟಿ. ಇನ್ನೊಂದು, ಜಿಐ ಪೈಪು. ಅದರ ಮೇಲಿನ ಸತು ಸುಟ್ಟಾಗ ಬಿಳಿ ಹೊಗೆ ಬರುತ್ತೆ. ಅದು ಒಳಗೆ ಹೋದರೆ ಕೆಲವು ಗಂಟೆಯ ನಂತರ ಚಳಿ ಜ್ವರ ಬಂದ ಹಾಗೆ ನಡುಕ. ಹಾಲು ಕುಡಿದರೆ, ಬೆಲ್ಲ ತಿಂದರೆ ಏನೂ ಆಗಲ್ಲ ಅಂತ ಹಳೇ ವೆಲ್ಡರುಗಳು ಹೇಳುತ್ತಾರೆ. ಹೊಗೆ ಹೋಗೋದು ಶ್ವಾಸಕೋಶಕ್ಕೆ, ಹಾಲು ಹೋಗೋದು ಹೊಟ್ಟೆಗೆ, ಎರಡೂ ಭೇಟಿಯಾಗೋದು ಎಲ್ಲಿ? ಜಿಐ ಮತ್ತು ಫಳಫಳ ಹೊಳೆಯುವ ಕ್ರೋಮ್ ಸಾಮಾನನ್ನು ಬೆಸುಗೆಗೆ ತರಲೇಬೇಡಿ. ಕ್ರೋಮ್ ಹೊಗೆ ಇನ್ನೂ ಕೆಟ್ಟದ್ದು, ಕ್ಯಾನ್ಸರ್ ತರುವಂಥದ್ದು. ಬೋಲ್ಟ್ ಹಾಕಿ ಕೂರಿಸಿ ಬೇಕಾದರೆ.

ಸಾಕು, ಹೆದರಿಸಿದ್ದು. ಹುಂಜಕ್ಕೆ ಬರೋಣ.

ಹುಂಜದ ಕಾಲಿನ ಮೇಲೆ ಚಿಪ್ಪು ಚಿಪ್ಪಾದ ಚರ್ಮ ಇರುತ್ತಲ್ಲ, ಗಮನಿಸಿದ್ದೀರಾ? ಮನೆ ಕಟ್ಟುವ ಟಿಎಂಟಿ ಸರಳಿನ ಮೇಲಿನ ಓರೆ ಏಣುಗಳನ್ನು ನೋಡಿ. ಕಟ್ಟಡದಲ್ಲಿ ಕಾಂಕ್ರೀಟು ಜಾರದಿರಲಿ ಅಂತ ಇರುವ ಏಣು, ಇಲ್ಲಿ ಹುಂಜದ ಕಾಲಿನ ಚಿಪ್ಪಾಗುತ್ತೆ. ಕಾಲಿಗೆ 12 ಮಿ.ಮೀ., ಬೆರಳಿಗೆ 8 ಮಿ.ಮೀ. ಬಣ್ಣ ಬಳಿದು ಆ ಏಣು ಮುಚ್ಚಬೇಡಿ. ಹಿಂದಿನ ಮುಳ್ಳಿಗೆ ಒಂದು ದಪ್ಪ ಮೊಳೆ.

ಎದೆಗೆ ಸವೆದ ಸಲಿಕೆ. ಎರಡು ಸಲಿಕೆ ಎದುರುಬದುರು ಹಿಡಿದರೆ ಮಧ್ಯ ಉಬ್ಬಿ ಕೆಳಗೆ ಚೂಪಾಗಿ ಎದೆಯ ಆಕಾರ ಬರುತ್ತೆ. ಒಂದೇ ಥರ ಸವೆದ ಜೋಡಿ ಸಿಗಲ್ಲ. ಸಿಗದಿದ್ದರೇ ಒಳ್ಳೆಯದು, ಒಂದು ಕಡೆ ಸ್ವಲ್ಪ ಜಾಸ್ತಿ ಉಬ್ಬಿದರೆ ಹುಂಜ ಆ ಕಡೆ ತಿರುಗಿದಂತೆ ಕಾಣುತ್ತೆ. ತಗಡು ತೆಳು, ಒಂದೇ ಕಡೆಯಿಂದ ಉದ್ದಕ್ಕೆ ಬೆಸುಗೆ ಎಳೆದರೆ ತೂತು ಬೀಳುತ್ತೆ, ಇಲ್ಲವೇ ಸೊಟ್ಟಗಾಗುತ್ತೆ. ಬೆಸುಗೆ ಆರುವಾಗ ಕುಗ್ಗಿ ತನ್ನ ಕಡೆಗೆ ಎಳೆಯುತ್ತೆ. ಚುಕ್ಕೆ ಚುಕ್ಕೆಯಾಗಿ, ಈ ಕಡೆ ಒಂದು ಆ ಕಡೆ ಒಂದು ಟ್ಯಾಕ್ ಹಾಕುತ್ತಾ ಹೋಗಿ. ಕುತ್ತಿಗೆಯ ಗರಿಗೆ ಸೈಕಲ್ ಚೈನು. ಎಣ್ಣೆ ಜಿಡ್ಡು ತೆಗೆಯಲು ಡೀಸೆಲ್ಲಿನಲ್ಲಿ ನೆನೆಸಿ, ಆಮೇಲೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಬ್ರೇಕ್ ಕ್ಲೀನರ್ ಸ್ಪ್ರೇ ಬೇಡ, ಕೆಲವದರಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತೆ, ವೆಲ್ಡಿಂಗ್ ಬಿಸಿಗೆ ಅದು ಫಾಸ್ಜೀನ್ ಅನ್ನೋ ವಿಷಾನಿಲ ಆಗಬಹುದು.

ಜುಟ್ಟು. ಇಲ್ಲಿ ಎಲ್ಲರೂ ಸ್ಪ್ರಾಕೆಟ್ಟೇ ಹಾಕುತ್ತಾರೆ, ಇಂಟರ್ನೆಟ್ಟಿನ ಎಲ್ಲ ಹುಂಜದ ತಲೆ ಮೇಲೂ ಅದೇ. ನಾನು ಮೊದಲು ಹೇಳಿದ ಮಾತು ಇಲ್ಲಿಗೇ ಅನ್ವಯ. ಹೊಸ ಸ್ಪ್ರಾಕೆಟ್ಟಿನ ಹಲ್ಲುಗಳೆಲ್ಲ ಸಮ, ಎಷ್ಟು ದೂರದಿಂದ ನೋಡಿದರೂ ಮಿಷನ್ನಿನ ಭಾಗ ಅಂತ ಕಿರುಚುತ್ತೆ. ಆದರೆ ಸಾವಿರಾರು ಕಿಲೋಮೀಟರ್ ಓಡಿದ ಬೈಕಿನ ಸ್ಪ್ರಾಕೆಟ್ಟು ಬೇರೆ. ಚೈನು ಒಂದೇ ದಿಕ್ಕಿಗೆ ಎಳೆದೂ ಎಳೆದೂ ಹಲ್ಲು ಕೊಕ್ಕೆಯ ಥರ ಒಂದು ಕಡೆಗೆ ವಾಲಿರುತ್ತೆ, ತುದಿ ಚೂಪಾಗಿರುತ್ತೆ. ಅದರಲ್ಲಿ ಕಾಲು ಭಾಗ ಕತ್ತರಿಸಿ, ವಾಲಿದ ಹಲ್ಲು ಹಿಂದಕ್ಕೆ ಬರುವ ಹಾಗೆ ಕೂರಿಸಿದರೆ ಜುಟ್ಟು ಗಾಳಿಗೆ ಹಿಂದೆ ಬಾಗಿದ ಹಾಗೆ ಕಾಣುತ್ತೆ. ಮೆಕ್ಯಾನಿಕ್ ಬೇಡ ಅಂತ ಎಸೆದ ಕಾರಣವೇ ನಮಗೆ ಬೇಕಾದದ್ದು.

ಬಾಲಕ್ಕೆ ಕುಡುಗೋಲು, ಮಸೆದು ಮಸೆದು ಸಣ್ಣಗಾದವು, ಒಂದಕ್ಕಿಂತ ಒಂದು ಬೇರೆ ಬಾಗು. ಇವಕ್ಕೆ ಬಾಯಿಯ ಕಡೆ ಬೆಸುಗೆ ಹಾಕಿದರೆ ಚಟ್ ಅಂತ ಮುರಿಯುತ್ತೆ, ಯಾಕಂದರೆ ಕಮ್ಮಾರ ಅಲ್ಲಿಗೆ ನೀರು ಕುಡಿಸಿ ಗಟ್ಟಿ ಮಾಡಿರುತ್ತಾನೆ. ಹಿಡಿಯೊಳಗೆ ಹೋಗುವ ಬಾಲ ಮೆತ್ತಗಿರುತ್ತೆ, ಅಲ್ಲಿ ಹಾಕಿ. ಹಾಕಿದ ಮೇಲೆ ನೀರಿಗೆ ಅದ್ದಬೇಡಿ, ಬೂದಿಯಲ್ಲಿ ಹುದುಗಿಸಿ ತಾನಾಗೇ ಆರಲು ಬಿಡಿ.

ಬಾಲ ಕೂರಿಸಿದ ತಕ್ಷಣ ಹುಂಜ ಹಿಂದಕ್ಕೆ ಮಗುಚುತ್ತೆ. ಆದ್ದರಿಂದ ಕಾಲನ್ನು ಕೊನೆಗೆ ಹಚ್ಚುತ್ತೇನೆ. ಬೆನ್ನಿಗೆ ತಂತಿ ಕಟ್ಟಿ ತೂಗುಹಾಕಿ, ಎಲ್ಲಿ ಕಟ್ಟಿದರೆ ಮಟ್ಟವಾಗಿ ನಿಲ್ಲುತ್ತೋ ಅದರ ನೇರ ಕೆಳಗೆ ಪಾದ ಬರಬೇಕು. ಗಾರೆ ಕೆಲಸದವರ ತೂಕದ ಗುಂಡು ಇಳಿಬಿಟ್ಟರೆ ಜಾಗ ಗೊತ್ತಾಗುತ್ತೆ.

ಮಾತಿನ ನಡುವೆ ಒಬ್ಬ ಹುಡುಗಿ ಕೇಳಿದಳು, "ಸಾರ್, ಇದೆಲ್ಲ ಕರಕುಶಲ ಅಲ್ವಾ, ಆರ್ಟ್ ಹೇಗೆ?" ಒಳ್ಳೇ ಪ್ರಶ್ನೆ. 1942ರಲ್ಲಿ, ಪ್ಯಾರಿಸ್ ಜರ್ಮನ್ನರ ಕೈಯಲ್ಲಿದ್ದಾಗ, ಪಿಕಾಸೊ ಒಂದು ಸೈಕಲ್ ಸೀಟಿಗೆ ಹ್ಯಾಂಡಲ್ ಬಾರ್ ಜೋಡಿಸಿ ಹೋರಿಯ ತಲೆ ಮಾಡಿದ. ಎರಡೇ ಸಾಮಾನು. ಮೊದಲು ಹೋರಿ, ಆಮೇಲೆ ಸೈಕಲ್ಲು, ಮತ್ತೆ ಹೋರಿ, ನೋಡುತ್ತಾ ನಿಂತರೆ ಎರಡೂ ಅದಲುಬದಲಾಗುತ್ತಲೇ ಇರುತ್ತವೆ. 1951ರಲ್ಲಿ ಮಗನ ಎರಡು ಆಟಿಕೆ ಕಾರು ತಗೊಂಡು ಕೋತಿಯ ಮುಖ ಮಾಡಿದ, ಅದರ ಬಾಲಕ್ಕೆ ಕಾರಿನ ಸ್ಪ್ರಿಂಗ್. ಇವೆರಡಕ್ಕೂ ಎಷ್ಟೋ ಮೊದಲು ಅವನಿಗೆ ಕಬ್ಬಿಣ ಬೆಸೆಯಲು ಜೊತೆಯಾದವನು ಹೂಲಿಯೊ ಗೊನ್ಸಾಲೆಸ್ ಅನ್ನುವ ಗೆಳೆಯ. ಆ ಗೊನ್ಸಾಲೆಸ್ ಗ್ಯಾಸ್ ವೆಲ್ಡಿಂಗ್ ಕಲಿತದ್ದು ರೆನೋ ಕಾರ್ಖಾನೆಯಲ್ಲಿ, 1918ರಲ್ಲಿ. ಅಮೆರಿಕದ ಶಿಲ್ಪಿ ಡೇವಿಡ್ ಸ್ಮಿತ್ 1925ರಲ್ಲಿ ಸ್ಟೂಡಿಬೇಕರ್ ಕಾರು ಕಾರ್ಖಾನೆಯಲ್ಲಿ ದುಡಿದವನು. ಅಂದರೆ ಈ ಕಲೆಗೆ ಕಬ್ಬಿಣ ಜೋಡಿಸುವ ಕೈ ಬಂದದ್ದೇ ಕಾರ್ಖಾನೆಯಿಂದ. ನಮ್ಮಲ್ಲಿ ಮುಂಬೈಯ ಶಿಲ್ಪಿ ಪಿಲೂ ಪೋಚ್‌ಖಾನಾವಾಲಾ ಗುಜರಿ ಲೋಹದಲ್ಲಿ ಎಷ್ಟೋ ಕೆಲಸ ಮಾಡಿದರು. ಛತ್ತೀಸ್‌ಗಢದ ಬಸ್ತರಿನ ಲೋಹಾರರು, ಅಂದರೆ ಕಮ್ಮಾರರು, ವೆಲ್ಡಿಂಗ್ ಇಲ್ಲದೆ, ಹಳೇ ಕಬ್ಬಿಣವನ್ನು ಕುಲುಮೆಯಲ್ಲಿ ಕಾಯಿಸಿ ಬಡಿದೇ ಜಿಂಕೆ, ದೀಪ ಮಾಡುತ್ತಾರೆ. ಕರಕುಶಲವೋ ಆರ್ಟೋ, ಬಸ್ತರಿನ ಒಂದು ಜಿಂಕೆಯನ್ನು ಹತ್ತಿರದಿಂದ ನೋಡಿ ನೀವೇ ಹೇಳಿ.

ದಿಲ್ಲಿಯಲ್ಲಿ 2019ರಲ್ಲಿ ಒಂದು ಪಾರ್ಕು ಆಯ್ತು, ಜಗತ್ತಿನ ಏಳು ಅದ್ಭುತಗಳನ್ನು ಸುಮಾರು 150 ಟನ್ ಗುಜರಿಯಲ್ಲಿ ಮಾಡಿದ್ದಾರೆ. ಶ್ರಮ ದೊಡ್ಡದು, ಮಕ್ಕಳಿಗೆ ಖುಷಿ. ಆದರೆ ತಾಜ್‌ಮಹಲ್ ಆಗಲು ಆ ಪೈಪೇ ಬೇಕಿತ್ತಾ? ಯಾವ ಪೈಪಾದರೂ ನಡೆಯುತ್ತಿತ್ತು. ಚಂಡೀಗಢದಲ್ಲಿ ನೇಕ್ ಚಂದ್ ಅನ್ನುವ ರಸ್ತೆ ಇನ್‌ಸ್ಪೆಕ್ಟರ್ ಒಡೆದ ಬಳೆ, ಪಿಂಗಾಣಿ ಚೂರು ಸೇರಿಸಿ ಕಾಡೊಳಗೆ ಕದ್ದುಮುಚ್ಚಿ ಕಟ್ಟಿದ ರಾಕ್ ಗಾರ್ಡನ್, 1976ರಲ್ಲಿ ಜನರಿಗೆ ತೆರೆದದ್ದು, ಅಲ್ಲಿ ಬಳೆ ಬಳೆಯಾಗಿಯೂ ಇದೆ, ಹೆಂಗಸಿನ ಸೀರೆಯಾಗಿಯೂ ಇದೆ. ನನ್ನ ಓಟು ಅದಕ್ಕೆ.

ಇನ್ನು ತುಕ್ಕು. ತುಕ್ಕು ತೆಗೆಯಲು ನನ್ನ ನೆಚ್ಚಿನ ಉಪಾಯ ಕಾಕಂಬಿ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ದನದ ಮೇವಿಗೆ ಸಿಗುತ್ತೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಡ್ರಮ್ಮಿನಲ್ಲಿ ಹಾಕಿ, ಸಾಮಾನು ಮುಳುಗಿಸಿ, ಎರಡು ವಾರ ಮರೆತುಬಿಡಿ. ತುಕ್ಕು ಮಾತ್ರ ಹೋಗುತ್ತೆ, ಕಬ್ಬಿಣ ಬಹುಮಟ್ಟಿಗೆ ಹಾಗೇ ಉಳಿಯುತ್ತೆ. ವಾಸನೆ ಮಾತ್ರ ಘೋರ, ಮುಚ್ಚಳ ಇಲ್ಲದಿದ್ದರೆ ಮನೆಯವರು ನಿಮ್ಮನ್ನೇ ಡ್ರಮ್ಮಿಗೆ ಹಾಕುತ್ತಾರೆ. ಅಲ್ಯೂಮಿನಿಯಂ ಹಾಕಬೇಡಿ, ತಿಂದುಹಾಕುತ್ತೆ. ಚಿಕ್ಕ ಸಾಮಾನಿಗೆ ಹುಣಸೆಹಣ್ಣಿನ ನೀರು ಸಾಕು. ತೆಗೆದ ಕೂಡಲೇ ತೊಳೆದು ಬಿಸಿಲಿಗೆ ಇಡಿ, ಇಲ್ಲದಿದ್ದರೆ ಕಣ್ಣೆದುರೇ ಮತ್ತೆ ಕೆಂಪಗಾಗುತ್ತೆ.

ಕೆಲವು ಸಲ ತುಕ್ಕನ್ನು ಕಪ್ಪು ಮಾಡುತ್ತೇನೆ. ಗ್ರಂಥಿಗೆ ಅಂಗಡಿಯಲ್ಲಿ ಅಳಲೆಕಾಯಿ ಸಿಗುತ್ತಲ್ಲ, ಅದನ್ನು ಕುಟ್ಟಿ ನೀರಲ್ಲಿ ಕುದಿಸಿ, ಸೋಸಿ, ತೆಳು ತುಕ್ಕಿನ ಮೇಲೆ ಬ್ರಷ್ಷಿನಲ್ಲಿ ಹಚ್ಚಿದರೆ ನೋಡುತ್ತಿದ್ದಂತೆ ನೀಲಿಗಪ್ಪು ಬರುತ್ತೆ. ಅಳಲೆಯ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು. ಕಲಂಕಾರಿ ಬಟ್ಟೆಯ ಕಪ್ಪೂ ಇದೇ ಲೆಕ್ಕ: ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಲ್ಲಿ ಕೊಳೆಸಿ, ಅಳಲೆಯಲ್ಲಿ ಅದ್ದಿದ ಬಟ್ಟೆಗೆ ಹಚ್ಚುತ್ತಾರೆ. ಒಣಗಿದ ಮೇಲೆ ಲೋಹವನ್ನು ಸ್ವಲ್ಪ ಬೆಚ್ಚಗೆ ಮಾಡಿ ಜೇನುಮೇಣ ತಿಕ್ಕಿ. ಮನೆಯೊಳಗೆ ಇಡುವುದಕ್ಕೆ ಇಷ್ಟು ಸಾಕು. ಹೊರಗೆ ಮಳೆಗೆ ನಿಲ್ಲುವುದಾದರೆ ಮೇಣ ನಿಲ್ಲಲ್ಲ, ರೆಡ್ ಆಕ್ಸೈಡ್ ಅನ್ನೋ ಕೆಂಪು ಪ್ರೈಮರ್ ಹೊಡೆದು ಮೇಲೆ ಪೇಂಟ್ ಮಾಡಲೇಬೇಕು. ಬರಿ ಕಬ್ಬಿಣದ ಮೇಲೆ ಪಾರದರ್ಶಕ ಲ್ಯಾಕರ್ ಹೊಡೆದು ಅಂಗಳದಲ್ಲಿ ಇಟ್ಟರೆ ಅಡಿಯಲ್ಲಿ ತುಕ್ಕು ಹಬ್ಬಿ ಪದರ ಪದರ ಏಳುತ್ತೆ. ಮಂಗಳೂರು, ಕಾರವಾರದವರಂತೂ ಉಪ್ಪುಗಾಳಿಗೆ ವರ್ಷ ವರ್ಷ ನೋಡಿಕೊಳ್ಳುತ್ತಿರಬೇಕು.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡು. ವೆಲ್ಡಿಂಗ್ ಎಲ್ಲಿ ಕಲಿಯಬೇಕು ಅಂತ ಒಬ್ಬರು ಕೇಳಿದರು. ಐಟಿಐನಲ್ಲಿ ವೆಲ್ಡರ್ ಟ್ರೇಡು ಒಂದು ವರ್ಷದ್ದು. ಅಷ್ಟು ಬಿಡುವಿಲ್ಲದಿದ್ದರೆ ನಿಮ್ಮ ಬೀದಿಯಲ್ಲಿ ಗ್ರಿಲ್ಲು, ಗೇಟು ಮಾಡುವ ಅಂಗಡಿ ಇದ್ದೇ ಇರುತ್ತೆ. ಅಣ್ಣಾ, ಭಾನುವಾರ ಬಂದು ರಾಡು ಹಿಡಿಯಲಾ ಅಂತ ಕೇಳಿ. ಬೇಡ ಅಂದವರನ್ನು ನಾನು ನೋಡಿಲ್ಲ. ಬಹುಶಃ ಮೊದಲು ಕಸ ಗುಡಿಸಲು ಹೇಳುತ್ತಾರೆ, ಗುಡಿಸಿ, ಆ ಕಸದಲ್ಲೂ ನಿಮಗೆ ಬೇಕಾದ ತುಂಡು ಇರುತ್ತೆ.

ಇನ್ನೊಬ್ಬರು ಹುಂಜ ಎಷ್ಟಕ್ಕೆ ಮಾರುತ್ತೀರಿ ಅಂದರು. ಕಬ್ಬಿಣದ ಖರ್ಚು ಎಲ್ಲಕ್ಕಿಂತ ಕಮ್ಮಿ, ಕಟಿಂಗ್ ಡಿಸ್ಕು, ರಾಡು, ಕರೆಂಟು ಸೇರಿ ಅದರ ಮೇಲೆ ಹೋಗುತ್ತೆ, ಇನ್ನು ಕೂತ ಹೊತ್ತಿಗೆ ಎಷ್ಟು ಅಂತ ನೀವೇ ತೀರ್ಮಾನಿಸಬೇಕು. "ಗುಜರಿ ತಾನೇ, ಕೆಜಿಗೆ ಎಷ್ಟು ಹೇಳಿ" ಅನ್ನುವವರು ಬರುತ್ತಾರೆ. ಅವರಿಗೆ ಗುಜರಿ ಅಂಗಡಿಯ ವಿಳಾಸ ಕೊಡುತ್ತೇನೆ. ನಿಜವಾಗಿ ಬೇಕು ಅಂದವರ ಹತ್ತಿರ ದುಡ್ಡಿಗಿಂತ ಮೊದಲು ಮೂರು ವಿಷಯ ಕೇಳಿಕೊಳ್ಳುತ್ತೇನೆ: ಒಳಗೆ ಇಡುತ್ತೀರೋ ಹೊರಗೋ, ನೆಲಕ್ಕೆ ಬೋಲ್ಟ್ ಹಾಕಲು ಜಾಗ ಇದೆಯೋ, ಮನೆಯಲ್ಲಿ ಚಿಕ್ಕ ಮಕ್ಕಳು ಇದ್ದಾರೋ. ಇದ್ದಾರೆ ಅಂದರೆ ಕುಡುಗೋಲಿನ ಬಾಯನ್ನು ಇನ್ನೊಮ್ಮೆ ಗ್ರೈಂಡರಿಗೆ ಹಿಡಿದು, ಬೆರಳಾಡಿಸಿ ನೋಡಿಯೇ ಕಳಿಸುತ್ತೇನೆ.